ಹೋಗಬೇಡಿ ಅಂತ ಯಾರೂ ಹೇಳಲಿಲ್ವಾ?

"ಅಮ್ಮಾ, ಇವರಿಗೆ ಹೋಗ್ಬೇಡಿ ಅಂತ ಯಾರೂ ಹೇಳಲಿಲ್ವಾ?"

ಮೊನ್ನೆ ಶನಿವಾರ ಮಗಳು ಕೇಳಿದ ಮಾತಿದು. ಅವತ್ತಿನಿಂದ ತಲೆಯಿಂದ ಹೋಗುತ್ತಿಲ್ಲ. ಅನ್ನಕ್ಕೆ ಇಡುವಾಗ, ಆಫೀಸಿಗೆ ಹೋಗುವ ರೈಲಿನಲ್ಲಿ ನಿಂತಿರುವಾಗ ಮತ್ತೆ ಮತ್ತೆ ಅದೇ ಕೇಳಿಸುತ್ತದೆ. ಅವಳು ಹತ್ತನೇ ಕ್ಲಾಸು. ಅವಳು ನೋಡುತ್ತಾ ನಿಂತಿದ್ದ ಗೋಡೆಯ ತುಂಬ ಅವಳದೇ ವಯಸ್ಸಿನ ಹುಡುಗಿಯರ ಫೋಟೋಗಳು.

ನಾವಿದ್ದದ್ದು ಜಪಾನಿನ ದಕ್ಷಿಣದ ದ್ವೀಪ ಓಕಿನಾವಾದ ಹಿಮೆಯುರಿ ಶಾಂತಿ ಮ್ಯೂಸಿಯಂನಲ್ಲಿ. ಎರಡನೇ ಮಹಾಯುದ್ಧದಲ್ಲಿ ಸತ್ತ ಶಾಲೆಯ ಹುಡುಗಿಯರ ನೆನಪಿನ ಜಾಗ ಅದು. ಸಮುದ್ರ, ಅಕ್ವೇರಿಯಂ ಅಂತ ಟೋಕಿಯೋದಿಂದ ಹೊರಟ ರಜೆ ನಮ್ಮದು. ಒಂದು ದಿನವಾದರೂ ದ್ವೀಪದ ದಕ್ಷಿಣಕ್ಕೆ ಹೋಗೋಣ ಅಂತ ನಾನೇ ಹಟ ಹಿಡಿದಿದ್ದೆ. ದ್ವೀಪದ ಮುಖ್ಯ ನಗರ ನಾಹಾದಿಂದ ದಕ್ಷಿಣದ ಇತೋಮಾನ್‌ಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಇಳಿದರೆ ಎದುರಿಗೇ ಹೂವು ಮಾರುವವರು. ಹೂವು ತಗೊಂಡು ಒಳಗೆ ನಡೆದರೆ ನೆಲದಲ್ಲಿ ಬಾಯಿ ತೆರೆದ ಒಂದು ಗುಹೆ, ಅದರ ಪಕ್ಕ ಸ್ಮಾರಕ, ಸ್ವಲ್ಪ ಹಿಂದೆ ಮ್ಯೂಸಿಯಂ. ನಾವು ಹೋದ ಹೊತ್ತಿಗೆ ಒಂದು ಟೂರಿಸ್ಟ್ ಬಸ್ಸು ಬಂದಿತ್ತು. ಜನ ಇಳಿದರು, ಹೂವಿಟ್ಟು ಕೈ ಮುಗಿದರು, ಫೋಟೋ ತೆಗೆದರು, ಹೊರಟರು. ಮ್ಯೂಸಿಯಂ ಒಳಗೆ ಅವರಲ್ಲಿ ಒಬ್ಬರೂ ಬರಲಿಲ್ಲ. ಅಷ್ಟು ದೂರ ಕರೆತಂದು ಬಾಗಿಲಿಂದಲೇ ವಾಪಸ್ ಕರೆದುಕೊಂಡು ಹೋಗುವ ಟೂರಿನವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬಂತು.

ನಾಹಾದಲ್ಲಿ ಒಂದೇ ಆವರಣದಲ್ಲಿ ಎರಡು ಶಾಲೆಗಳಿದ್ದವು. ಒಂದು ಮಹಿಳಾ ನಾರ್ಮಲ್ ಸ್ಕೂಲ್, ಅಂದರೆ ಮೇಷ್ಟ್ರಾಗಲು ತಯಾರು ಮಾಡುವ ಶಾಲೆ. ಇನ್ನೊಂದು ಮೊದಲನೇ ಬಾಲಕಿಯರ ಹೈಸ್ಕೂಲು. ಎರಡೂ ಸೇರಿ ಹಿಮೆಯುರಿ. ಮ್ಯೂಸಿಯಂನ ಮೊದಲ ಕೋಣೆಯಲ್ಲಿ ಆ ದಿನಗಳ ಚಿತ್ರಗಳಿವೆ. ಸಾಲು ಮರಗಳ ದಾರಿ, ಈಜುಕೊಳ, ಆಟ, ಹಾಡು, ಹಾಸ್ಟೆಲು. ಹಲ್ಲು ಬಿಟ್ಟು ನಗುವ ಹುಡುಗಿಯರು. ಮಗಳು ಅಲ್ಲಿ ಖುಷಿಯಾಗಿಯೇ ಇದ್ದಳು. "ನಮ್ ಸ್ಕೂಲಲ್ಲಿ ಪೂಲೇ ಇಲ್ಲ" ಅಂದಳು.

1945ರ ಮಾರ್ಚ್ 23ರ ರಾತ್ರಿ ಅಲ್ಲಿಂದ 222 ವಿದ್ಯಾರ್ಥಿನಿಯರು, 18 ಶಿಕ್ಷಕರು ನಾಹಾದ ಪಕ್ಕದ ಹಾಯೆಬಾರುವಿನಲ್ಲಿದ್ದ ಜಪಾನಿ ಸೇನೆಯ ಆಸ್ಪತ್ರೆಗೆ ನಡೆದು ಹೋದರು. ಹುಡುಗಿಯರ ವಯಸ್ಸು 15ರಿಂದ 19. ಕೆಲಸ ಗಾಯಗೊಂಡ ಸೈನಿಕರ ಶುಶ್ರೂಷೆ. ಹೆಚ್ಚೆಂದರೆ ಒಂದೆರಡು ವಾರ, ರೆಡ್ ಕ್ರಾಸ್ ಬಾವುಟ ಹಾರುವ ಸುರಕ್ಷಿತ ಜಾಗ, ಯುದ್ಧ ಗೆದ್ದು ಮತ್ತೆ ಕ್ಲಾಸಿಗೆ ವಾಪಸ್. ಅವರು ನಂಬಿದ್ದು ಇಷ್ಟು. ಅದಕ್ಕೇ ಪಠ್ಯಪುಸ್ತಕ, ಪೆನ್ನು, ಬಾಚಣಿಗೆ ಜೊತೆಗಿಟ್ಟುಕೊಂಡರು. ಆಸ್ಪತ್ರೆ ಅಂತ ಹೋದರೆ ಅಲ್ಲಿದ್ದದ್ದು ಗುಡ್ಡದ ಹೊಟ್ಟೆಯಲ್ಲಿ ಕೈಯಿಂದ ಅಗೆದ ಸುರಂಗಗಳು.

ಆ ಪೆನ್ನುಗಳು ಈಗ ಗಾಜಿನ ಪೆಟ್ಟಿಗೆಯಲ್ಲಿವೆ. ಮಗಳು ಅಲ್ಲಿ ತುಂಬಾ ಹೊತ್ತು ನಿಂತಳು. ನಗು ನಿಂತಿತ್ತು.

ಮಾರ್ಚ್ 29ರ ರಾತ್ರಿ ಅವರಿಗೆ ಅಲ್ಲೇ ಒಂದು ಗುಡಿಸಲಿನಂಥ ಬ್ಯಾರಕ್ಕಿನಲ್ಲಿ, ಮೇಣದ ಬತ್ತಿಯ ಬೆಳಕಿನಲ್ಲಿ, ಹೊರಗೆ ಶೆಲ್ ಬೀಳುತ್ತಿರುವಾಗ ಪದವಿ ಸಮಾರಂಭ ನಡೆಯಿತು. ಅಂದರೆ ಕೊನೆಯ ವರ್ಷದ ಹುಡುಗಿಯರು ಆ ರಾತ್ರಿಯೇ ಹಳೆಯ ವಿದ್ಯಾರ್ಥಿನಿಯರಾದರು. ಏಪ್ರಿಲ್ 1ಕ್ಕೆ ಅಮೆರಿಕದ ಸೇನೆ ದ್ವೀಪದ ಮೇಲೆ ಇಳಿಯಿತು. ಆಮೇಲೆ ಸುರಂಗದೊಳಗಿನ ದಿನಗಳು. ಕತ್ತರಿಸಿದ ಕೈಕಾಲು ಹೊರಗೆ ಹಾಕುವುದು, ಗಾಯದಿಂದ ಹುಳ ತೆಗೆಯುವುದು, ಶೆಲ್ ಬೀಳುವ ನಡುವೆ ನೀರು ತರುವುದು, ಹೆಣ ಹೂಳುವುದು. ಊಟ ಅಂದರೆ ಒಂದು ಅನ್ನದ ಉಂಡೆ. ಅದೂ ದಿನ ಕಳೆದಂತೆ ಪಿಂಗ್‌ಪಾಂಗ್ ಚೆಂಡಿನಷ್ಟಾಯಿತು ಅಂತ ಬದುಕಿ ಉಳಿದವರು ಹೇಳಿದ್ದಾರೆ. ಮೇ ಕೊನೆಗೆ ಸೇನೆ ದಕ್ಷಿಣಕ್ಕೆ ಹಿಂದೆ ಸರಿದಾಗ ನಡೆಯಲಾಗದ ರೋಗಿಗಳನ್ನು ಅಲ್ಲೇ ಬಿಟ್ಟರು. ಅವರಿಗೆ ಸಯನೈಡ್ ಬೆರೆಸಿದ ಹಾಲು ಕೊಟ್ಟರು. ಹುಡುಗಿಯರು ಆ ಮಳೆಯಲ್ಲಿ, ಆ ಕೆಸರಿನಲ್ಲಿ ಇತೋಮಾನ್ ಕಡೆಯ ಗುಹೆಗಳಿಗೆ ನಡೆದರು.

ಈಗ ನನಗೆ ಅತಿ ಹೆಚ್ಚು ಕೋಪ ಬರುವ ಭಾಗ. ಜೂನ್ 18ರ ರಾತ್ರಿ ಸೇನೆ ಒಂದು ಆದೇಶ ಕೊಟ್ಟಿತು. ವಿದ್ಯಾರ್ಥಿನಿಯರ ತಂಡ ವಿಸರ್ಜನೆಯಾಗಿದೆ, ಇನ್ನು ನಿಮ್ಮ ನಿಮ್ಮ ಜವಾಬ್ದಾರಿಯ ಮೇಲೆ ನೀವು ಹೋಗಿ. ಸುತ್ತ ಅಮೆರಿಕದ ಟ್ಯಾಂಕುಗಳು. ಮುಂದೆ ಬರೀ ಸಮುದ್ರ. ಅಲ್ಲಿಯವರೆಗೆ ಸುಮಾರು ಮೂರು ತಿಂಗಳಲ್ಲಿ ಸತ್ತ ಹಿಮೆಯುರಿ ಹುಡುಗಿಯರು, ಶಿಕ್ಷಕರು 19. ಆದೇಶದ ನಂತರದ ಕೆಲವೇ ದಿನಗಳಲ್ಲಿ ಸತ್ತವರು ನೂರಕ್ಕೂ ಹೆಚ್ಚು. ಮರುದಿನ ಬೆಳಿಗ್ಗೆಯೇ, ನಾವು ಹೂವಿಟ್ಟ ಅದೇ ಗುಹೆಯೊಳಗೆ ಗ್ರೆನೇಡು ಬಿತ್ತು. ಒಳಗಿದ್ದ ಸುಮಾರು ನೂರು ಜನರಲ್ಲಿ 80ಕ್ಕೂ ಹೆಚ್ಚು ಜನ ಸತ್ತರು. ಆಸ್ಪತ್ರೆಗೆ ಹೋದ 240 ಜನರಲ್ಲಿ ಒಟ್ಟು 136 ಜನ ವಾಪಸ್ ಬರಲಿಲ್ಲ. ಕರೆದುಕೊಂಡು ಹೋಗುವಾಗ ಅವರು ದೇಶದ ಜವಾಬ್ದಾರಿ, ಕೈಬಿಡುವಾಗ ಅವರವರ ಜವಾಬ್ದಾರಿ!

ಇಷ್ಟೆಲ್ಲ ಓದಿಕೊಂಡು ನಾಲ್ಕನೇ ಕೋಣೆಗೆ ಬಂದೆವು. ಅಲ್ಲಿ ಸತ್ತವರ 200ಕ್ಕೂ ಹೆಚ್ಚು ಫೋಟೋಗಳು. ಆಸ್ಪತ್ರೆಗೆ ಹೋಗದೆ ಯುದ್ಧದಲ್ಲಿ ಬೇರೆ ಕಡೆ ಸತ್ತ ಹಿಮೆಯುರಿಯವರೂ ಅದರಲ್ಲಿದ್ದಾರೆ. ಪ್ರತಿ ಫೋಟೋದ ಕೆಳಗೆ ಹೆಸರು, ಸ್ವಭಾವ ಹೇಗಿತ್ತು, ಎಲ್ಲಿ ಹೇಗೆ ಸತ್ತಳು ಅನ್ನುವ ಎರಡು ಮೂರು ಸಾಲು. ಫೋಟೋ ಸಿಗದವರ ಜಾಗ ಹಾಗೇ ಖಾಲಿ. ಮಧ್ಯದಲ್ಲಿ ಬದುಕಿ ಉಳಿದವರ ಮಾತುಗಳನ್ನು ಅಚ್ಚು ಹಾಕಿದ ದೊಡ್ಡ ಪುಸ್ತಕಗಳು. ಜನ ನಿಂತುಕೊಂಡೇ ಓದುತ್ತಾರೆ. ಮಗಳು ಕೇಳಿದ್ದು ಅಲ್ಲೇ. ಹೋಗ್ಬೇಡಿ ಅಂತ ಯಾರೂ ಹೇಳಲಿಲ್ವಾ?

ನಮ್ಮನೆಯವರು "ಯುದ್ಧ ಅಂದ್ಮೇಲೆ ಎಲ್ಲಾ ಕಡೆ ಹಂಗೇ ಪುಟ್ಟಾ" ಅಂದರು. ಅವರ ಮನಸ್ಸು ಮೃದು. ಬೇಗ ಅಲ್ಲಿಂದ ಹೊರಗೆ ಹೋಗಬೇಕಾಗಿತ್ತು ಅವರಿಗೆ. ಆದರೆ ಆ ಉತ್ತರ ನನಗೆ ಒಪ್ಪಿಗೆಯಾಗಲಿಲ್ಲ. ಹಾಗೆ ಹೇಳಿದರೆ ಯಾರೂ ಏನೂ ಮಾಡಲಿಲ್ಲ, ಯುದ್ಧವೇ ತಾನಾಗಿ ಎಲ್ಲವನ್ನೂ ಮಾಡಿತು ಅಂದಹಾಗೆ ಆಗುತ್ತದೆ.

ಹೇಳಿದವರಿದ್ದರು. ಬದುಕಿ ಉಳಿದ ಒಬ್ಬರು ತಮ್ಮ ನೆನಪಿನಲ್ಲಿ ಹೇಳಿದ್ದಾರೆ. ಹೊರಡುವ ಮೊದಲು ಅಪ್ಪ ಅಮ್ಮನಿಗೆ ಹೇಳಿ ಬರಲು ಮನೆಗೆ ಹೋದಾಗ ಅವರ ಅಪ್ಪ ಜೋರಾಗಿ ಕೂಗಿದರಂತೆ. ಹದಿನಾರು ವರ್ಷ ನಿನ್ನನ್ನು ಸಾಕಿದ್ದು ಸಾಯಲಿ ಅಂತ ಅಲ್ಲ, ಅಂತ. ಆಗ ಆ ಹುಡುಗಿಗೆ ಅನಿಸಿದ್ದೇನು ಗೊತ್ತಾ? ಅಪ್ಪ ದೇಶದ್ರೋಹಿ ಅಂತ. ಇಂಥ ಮಾತಾಡುತ್ತಾನಲ್ಲ ಅಂತ ನಾಚಿಕೆ. ಹೆಮ್ಮೆಯಿಂದ ಹೊರಟಳು.

ಇದನ್ನು ಮಗಳಿಗೆ ಹೇಳಿದೆ. ಅವಳು ಸುಮ್ಮನಾದಳು. ನಾನು ಸುಮ್ಮನಾಗಲು ಆಗುತ್ತಿಲ್ಲ. ಆ ಅಪ್ಪ ಹೇಳಿದ್ದು ಸರಿ, ಹೇಳಬೇಕಾದ ಹೊತ್ತಿನಲ್ಲೇ ಹೇಳಿದ. ಆದರೂ ಅವನ ಮಾತು ಮಗಳ ಕಿವಿಗೆ ಬೀಳದ ಹಾಗೆ ಆಗಲೇ ಕೆಲಸ ಮುಗಿದಿತ್ತು. ಯಾರು ಮುಗಿಸಿದ್ದು? ಶಾಲೆ. ಚಕ್ರವರ್ತಿಗಾಗಿ ಸಾಯುವುದೇ ದೊಡ್ಡದು ಅಂತ ಮೊದಲನೇ ತರಗತಿಯಿಂದ ಕಲಿಸಿದ್ದರು. ಅದರಲ್ಲೂ ಓಕಿನಾವಾದ ಮಕ್ಕಳಿಗೆ ಜಾಸ್ತಿ, ಏಕೆಂದರೆ ಅವರು ತಾವೂ ಪೂರ್ತಿ ಜಪಾನೀಯರೇ ಅಂತ ತೋರಿಸಿಕೊಳ್ಳಬೇಕಿತ್ತು. ಮನೆಮಾತು ಆಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಅಲ್ಲಿನ ಶಾಲೆಗಳಲ್ಲಿ ಮರದ ಹಲಗೆ ನೇತುಹಾಕುತ್ತಿದ್ದರು. ಕನ್ನಡ ಮಾತಾಡಿದ್ದಕ್ಕೆ ದಂಡ ಕಟ್ಟಿದ ಕಾನ್ವೆಂಟ್ ಮಕ್ಕಳು ನಮ್ಮಲ್ಲೂ ಇದ್ದಾರಲ್ಲ. ಆ ನಾಚಿಕೆ ಎಷ್ಟು ಆಳಕ್ಕೆ ಹೋಗುತ್ತದೆ ಅಂತ ಅವರನ್ನು ಕೇಳಬೇಕು. ಮನೆಯ ಮಾತಿಗೇ ನಾಚಿಕೆಪಟ್ಟ ಮಗು, ಮನೆಯ ಅಪ್ಪ ಬೇಡ ಅಂದರೆ ಕೇಳುತ್ತದಾ?

ಮೇಷ್ಟ್ರುಗಳ ಬಗ್ಗೆ ಏನು ಹೇಳಬೇಕೋ ನನಗೆ ಇನ್ನೂ ಸರಿಯಾಗಿ ತೋಚುತ್ತಿಲ್ಲ. ಮಕ್ಕಳನ್ನು ಕರೆದುಕೊಂಡು ಹೋದವರು ಅವರೇ. ಆದರೆ ಮಕ್ಕಳ ಜೊತೆ ತಾವೂ ಹೋದರು, 18 ಜನರಲ್ಲಿ 13 ಜನ ಸತ್ತರು. ಬದುಕಿ ಉಳಿದವರಲ್ಲಿ ನಕಸೋನೆ ಸೇಜೆನ್ ಒಬ್ಬರು. ಅವರ ಜೊತೆಗಿದ್ದ ಹುಡುಗಿಯರು ಕೊನೆಗೆ ಕಡಲ ತೀರದಲ್ಲಿ ಅಮೆರಿಕದ ಸೈನಿಕರು ಸುತ್ತುವರಿದಾಗ ಗ್ರೆನೇಡಿನಿಂದ ಸಾಯಲು ತಯಾರಾಗಿದ್ದರು. ನಕಸೋನೆಯವರು ಬೇಡ ಅಂದರು. ಆ ಹುಡುಗಿಯರು ಬದುಕಿದರು. ಅದೇ ಕರಾವಳಿಯ ಇನ್ನೊಂದು ಕಡೆ, ಅರಾಸಾಕಿ ಬಂಡೆಗಳ ನಡುವೆ, ಒಬ್ಬ ಶಿಕ್ಷಕ ಮತ್ತು ಹುಡುಗಿಯರ ಗುಂಪು ಗ್ರೆನೇಡಿನಿಂದ ಸತ್ತಿತು. ಒಬ್ಬರು ಬೇಡ ಅಂದಿದ್ದಕ್ಕೆ ಅಷ್ಟು ಜೀವ ಉಳಿಯಿತು. ಅಂದರೆ ಆ ಮಾತಿಗೆ ಕೊನೆಯ ಗಳಿಗೆಯಲ್ಲೂ ಬೆಲೆ ಇತ್ತು. ನನ್ನನ್ನು ಕಾಡುತ್ತಿರುವುದು ಇದೇ. ಮೂರು ತಿಂಗಳು ಮೊದಲು, ಅದೇ ಶಾಲೆಯ ಅಂಗಳದಲ್ಲಿ, ಎಲ್ಲ ಮೇಷ್ಟ್ರುಗಳೂ ಸೇರಿ ಬೇಡ ಅಂದಿದ್ದರೆ? ಸೇನೆ ಬಿಡುತ್ತಿರಲಿಲ್ಲ ಅನ್ನಬಹುದು. ಇರಬಹುದು. ಆದರೂ ಕೇಳದೆ ಇರಲು ಆಗುವುದಿಲ್ಲ.

ಬದುಕಿ ವಾಪಸ್ ಬಂದ ಹುಡುಗಿಯರ ಪಾಡು ಬೇರೆ. ಶಾಲೆ ಸುಟ್ಟುಹೋಗಿತ್ತು, ಮತ್ತೆ ತೆರೆಯಲೇ ಇಲ್ಲ. ಗೆಳತಿಯ ಅಪ್ಪ ಅಮ್ಮ ಎದುರಿಗೆ ಸಿಕ್ಕರೆ ಮುಖ ತಪ್ಪಿಸಿಕೊಂಡು ಹೋಗಬೇಕು. ನೀನು ಬಂದೆ, ನಮ್ಮ ಮಗಳೆಲ್ಲಿ ಅನ್ನುವ ಪ್ರಶ್ನೆ ಅವರ ಬಾಯಲ್ಲಿ ಇಲ್ಲದಿದ್ದರೂ ಕಣ್ಣಲ್ಲಿ ಇರುತ್ತಿತ್ತು. ಗುಹೆಯ ಪಕ್ಕದ ಮೊದಲ ಪುಟ್ಟ ಕಲ್ಲನ್ನು 1946ರಲ್ಲಿ ನಿಲ್ಲಿಸಿದವರಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಕಳೆದುಕೊಂಡ ಒಂದು ದಂಪತಿ ಇದ್ದರು. ಸುತ್ತಲ ಹೊಲಗಳಲ್ಲಿ ಬಿದ್ದಿದ್ದ ಮೂಳೆಗಳನ್ನು ಊರವರ ಜೊತೆ ಹೆಕ್ಕಿದವರು. ಆ ಅಮ್ಮನ ಎದುರು ಹೋಗಿ ನಿಂತು ನಾನು ಬದುಕಿದ್ದೇನೆ ಅನ್ನಲು ಯಾವ ಹುಡುಗಿಗೆ ಧೈರ್ಯ ಬಂದೀತು?

ಅದಕ್ಕೇ ಎಷ್ಟೋ ಜನ ದಶಕಗಟ್ಟಲೆ ಬಾಯಿ ಬಿಡಲಿಲ್ಲ. ಆ ನಡುವೆ ಸಿನಿಮಾ ಬಂತು, ಕತೆ ಬಂತು. ಹುಡುಗಿಯರನ್ನು ದೇಶಕ್ಕಾಗಿ ನಗುತ್ತಾ ಪ್ರಾಣ ಕೊಟ್ಟ ಪವಿತ್ರ ಕನ್ಯೆಯರ ಹಾಗೆ ತೋರಿಸಿದರು. ನಿಜ ಗೊತ್ತಿದ್ದವರಿಗೆ ಅದು ನುಂಗಲಾಗದ ತುತ್ತು.

ಕೊನೆಗೆ ಎದ್ದು ನಿಂತದ್ದು ಹಳೆಯ ವಿದ್ಯಾರ್ಥಿನಿಯರ ಸಂಘ. ಇಲ್ಲದ ಶಾಲೆಯ ಸಂಘ! ಹೊಸ ಸದಸ್ಯೆ ಎಂದೂ ಬರದ ಸಂಘ. ಸರ್ಕಾರ ಮಾಡಲಿ ಅಂತ ಕಾಯಲಿಲ್ಲ, ತಾವೇ ದುಡ್ಡು ಕೂಡಿಸಿದರು. ಬದುಕಿ ಉಳಿದವರು ಮತ್ತೆ ಆ ಗುಹೆಗಳೊಳಗೆ ಇಳಿದರು. ಮಣ್ಣು ಕೆದಕಿ ಗೆಳತಿಯರ ಮೂಳೆ, ಪೆನ್ನು, ಬಾಚಣಿಗೆ ಎತ್ತಿ ತಂದರು. 1989ರ ಜೂನ್ 23ಕ್ಕೆ ಮ್ಯೂಸಿಯಂ ತೆರೆಯಿತು. ನಕಸೋನೆಯವರೇ ಮೊದಲ ನಿರ್ದೇಶಕರು. ಅಷ್ಟು ಹೊತ್ತಿಗೆ ಆ ಹುಡುಗಿಯರು ಅರವತ್ತರ ಆಸುಪಾಸಿನ ಅಜ್ಜಿಯರಾಗಿದ್ದರು. ಆಮೇಲೆ 2015ರವರೆಗೆ ಅದೇ ಫೋಟೋಗಳ ಮುಂದೆ ನಿಂತು ಬಂದ ಬಂದ ಶಾಲಾಮಕ್ಕಳಿಗೆ ನಡೆದದ್ದನ್ನು ಹೇಳಿದರು.

ನಮ್ಮ ಬಾಲಕಿಯರ ಹೈಸ್ಕೂಲಿನ ಗೆಳತಿಯರ ವಾಟ್ಸಾಪ್ ಗುಂಪಿನಲ್ಲಿ ಈ ವಾರ ಪುನರ್ಮಿಲನದ ಮಾತು ನಡೆಯುತ್ತಿದೆ. ಯಾವ ಹೋಟೆಲು, ಯಾವ ಬಣ್ಣದ ಸೀರೆ, ಯಾವ ಮೇಡಂಗೆ ಸನ್ಮಾನ. ಓದುವಾಗೆಲ್ಲ ನನಗೆ ತುಂಬಾ ಖುಷಿಯಾಗುತ್ತದೆ, ಈ ಸಲವಂತೂ ಇನ್ನೂ ಜಾಸ್ತಿ. ಕ್ಲಾಸಿನ ಎಲ್ಲರೂ ಮಧ್ಯವಯಸ್ಸಿಗೆ ಬಂದು ಸೀರೆಯ ಬಣ್ಣಕ್ಕೆ ಜಗಳವಾಡುವುದು ಎಂಥ ಭಾಗ್ಯ! ಹಿಮೆಯುರಿಯ ಹೆಂಗಸರು ಸೇರಿದಾಗ ಮಾತು ಯಾರ ಫೋಟೋ ಸಿಕ್ಕಿಲ್ಲ, ಯಾರು ಎಲ್ಲಿ ಸತ್ತರು, ಅವಳ ಪಕ್ಕ ಕೊನೆಗೆ ಇದ್ದವರು ಯಾರು ಅನ್ನುವುದಕ್ಕೇ ಬಂದು ನಿಲ್ಲುತ್ತಿತ್ತಲ್ಲ. ಗೋಡೆಯ ಮೇಲಿನ ಆ ಎರಡು ಮೂರು ಸಾಲುಗಳು ಸುಮ್ನೆ ಬಂದವಲ್ಲ. ಹಾಡು ಚೆನ್ನಾಗಿ ಹೇಳುತ್ತಿದ್ದಳು, ತಮಾಷೆ ಮಾಡುತ್ತಿದ್ದಳು ಅನ್ನುವುದು ಜೊತೆಗೆ ಬೆಂಚಿನಲ್ಲಿ ಕೂತವಳಿಗೆ ಮಾತ್ರ ಗೊತ್ತಿರುವ ವಿಷಯ.

ಈಗ ಅಲ್ಲಿ ಮಾತಾಡುವವರು ಯುದ್ಧದ ನಂತರ ಹುಟ್ಟಿದವರು. 2021ರಲ್ಲಿ ಪ್ರದರ್ಶನವನ್ನೇ ಹೊಸದಾಗಿ ಜೋಡಿಸಿದ್ದಾರೆ, ಯುದ್ಧ ಅಂದರೇನು ಅಂತ ಗೊತ್ತಿಲ್ಲದ ಮಕ್ಕಳಿಗೂ ತಿಳಿಯುವ ಹಾಗೆ ಚಿತ್ರಗಳನ್ನು ಬರೆಸಿ. ನನ್ನ ಮಗಳು ಈಜುಕೊಳದ ಮುಂದೆ ನಕ್ಕದ್ದು ಅದಕ್ಕೇ ಅನಿಸುತ್ತದೆ. ಹಾಗೆ ನಗಿಸಿದ್ದು ಒಳ್ಳೆಯದೇ ಆಯಿತು. ಮೊದಲೇ ಅಳಿಸಿದ್ದರೆ ಅವಳು ಆ ಪ್ರಶ್ನೆ ಕೇಳುತ್ತಿರಲಿಲ್ಲ.

ಜಪಾನಿನಲ್ಲಿರುವ ನಮ್ಮವರು, ಊರಿಂದ ಬರುವ ನೆಂಟರನ್ನು ಓಕಿನಾವಾಗೆ ಕರೆದೊಯ್ಯುವವರು, ದಯವಿಟ್ಟು ಒಂದು ದಿನ ಇದಕ್ಕೆ ಇಡಿ. ಹೂವಿಟ್ಟು ಹಿಂತಿರುಗಬೇಡಿ, ಒಳಗೆ ಹೋಗಿ. ಹೈಸ್ಕೂಲಿನ ಮಕ್ಕಳಿದ್ದರೆ ಖಂಡಿತ ಕರೆದುಕೊಂಡು ಹೋಗಿ, ತೀರಾ ಚಿಕ್ಕವರು ಬೇಡ. ಹಾಯೆಬಾರುವಿನಲ್ಲಿ ಆ ಆಸ್ಪತ್ರೆಯ 20ನೇ ನಂಬರಿನ ಸುರಂಗವನ್ನು 2007ರಿಂದ ಜನರಿಗೆ ತೋರಿಸುತ್ತಿದ್ದಾರೆ. ನಾವು ಅಲ್ಲಿಗೆ ಹೋಗಲಾಗಲಿಲ್ಲ. ಮಗಳು ಮುಂದಿನ ರಜೆಗೆ ಅದೇ ಬೇಕು ಅಂತ ಕೂತಿದ್ದಾಳೆ. ಅಪ್ಪ ಬರದಿದ್ದರೂ ನಾವಿಬ್ಬರು ಹೋಗುತ್ತೇವೆ.