ಎರಡು ಮುಂಗಾಲು, ಎರಡು ಅಳತೆ

ಮೈಸೂರಿನ ಟಾಂಗಾ ಕುದುರೆಗಳಿಗೆ ಲಾಳ ಕಟ್ಟುವುದು ನನ್ನ ಕೆಲಸ. ಮುಂಗಾಲಿನ ಗೊರಸು ಎರಡೂ ಅಚ್ಚು ಹಾಕಿದ ಹಾಗೆ ಇರುವ ಕುದುರೆ ಸಿಗುವುದು ಕಮ್ಮಿ. ಸಣ್ಣಪುಟ್ಟ ವ್ಯತ್ಯಾಸಕ್ಕೆ ನಾವು ತಲೆ ಕೆಡಿಸಿಕೊಳ್ಳುವುದಿಲ್ಲ. ಕಷ್ಟ ಕೊಡುವುದು ಒಂದು ಗೊರಸು ಚಪ್ಪಟೆಯಾಗಿ ಹರಡಿ, ಇನ್ನೊಂದು ಕಿರಿದಾಗಿ ನೆಟ್ಟಗೆ ನಿಂತ ಕುದುರೆ.

ಅಂಥದ್ದನ್ನು ತಂದವರು ಹೇಳುವುದು ಒಂದೇ: "ಎರಡನ್ನೂ ಸಮ ಮಾಡ್ಬಿಡಪ್ಪ." ಸಮ ಮಾಡಿದರೆ ಕಣ್ಣಿಗೆ ಚೆಂದ, ಅಷ್ಟೇ. ನೆಟ್ಟಗಿರುವ ಗೊರಸಿನ ಕಾಲಲ್ಲಿ ಹಿಂಬದಿಯ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ನಾರು) ಬಿಗಿದುಕೊಂಡಿರುತ್ತದೆ. ಹಿಮ್ಮಡಿಯನ್ನು ಒಂದೇ ಸಲ ಇಳಿಸಿದರೆ ಅದು ಒಳಗಿನ ಮೂಳೆಯನ್ನು ಇನ್ನೂ ಜಗ್ಗುತ್ತದೆ. ಗೊರಸಿನ ಗೋಡೆ ಅಡಿಗೆ ಕೂಡುವ ಬಿಳಿ ಗೆರೆ ಮುಂಭಾಗದಲ್ಲಿ ಬಿರಿದುಕೊಳ್ಳುತ್ತದೆ. ಆಮೇಲೆ ಕುದುರೆ ಕುಂಟುತ್ತದೆ, ಬಾಡಿಗೆ ನಿಲ್ಲುತ್ತದೆ.

ಅರ ಹಿಡಿಯುವ ಮುಂಚೆ ಹಳೇ ಲಾಳಗಳನ್ನು ಕಿತ್ತು ಪಕ್ಕಪಕ್ಕ ಇಟ್ಟು ನೋಡಬೇಕು. ನೆಟ್ಟಗಿನ ಕಾಲಿನ ಲಾಳ ಸಾಮಾನ್ಯವಾಗಿ ಮುಂತುದಿಯಲ್ಲಿ ಸವೆದು ಚಾಕುವಿನ ಅಂಚಿನಷ್ಟು ತೆಳ್ಳಗಾಗಿರುತ್ತದೆ, ಹಿಂದುಗಡೆ ದಪ್ಪ ಹಾಗೇ ಉಳಿದಿರುತ್ತದೆ. ಕುದುರೆ ಆ ಕಾಲನ್ನು ಹೇಗೆ ಊರುತ್ತಿದೆ ಅಂತ ಇದರಲ್ಲೇ ತಿಳಿಯುತ್ತದೆ. ಆಮೇಲೆ ಸಮನಾದ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ ಪಕ್ಕದಿಂದ ನೋಡುತ್ತೇನೆ. ಗಿಣ್ಣಿನಿಂದ ಇಳಿಯುವ ಓರೆ ಮತ್ತು ಗೊರಸಿನ ಮುಂಭಾಗದ ಓರೆ ಒಂದೇ ಗೆರೆಯಲ್ಲಿ ಬರಬೇಕು. ಆಯಾ ಕಾಲಿನದು ಆಯಾ ಕಾಲಿಗೆ. ಈ ಕಾಲನ್ನು ಆ ಕಾಲಿಗೆ ಹೋಲಿಸುವ ಹಾಗಿಲ್ಲ.

ಚಪ್ಪಟೆ ಗೊರಸಿನಲ್ಲಿ ಮುಂದೆ ಚಾಚಿದ್ದನ್ನು ಹಿಂದಕ್ಕೆ ತರುತ್ತೇನೆ, ಹಿಮ್ಮಡಿಯನ್ನು ಆದಷ್ಟು ಉಳಿಸುತ್ತೇನೆ. ಲಾಳ ಹಿಂದುಗಡೆ ಸ್ವಲ್ಪ ಉದ್ದ ಇರಲಿ, ಹಿಮ್ಮಡಿಗೆ ಆಸರೆ ಬೇಕು. ನೆಟ್ಟಗಿನದರಲ್ಲಿ ಹಿಮ್ಮಡಿಯನ್ನು ಪ್ರತಿ ಸಲ ಒಂಚೂರು ಉಜ್ಜಿದರೆ ಸಾಕು. ಅದಕ್ಕೆ ಕಟ್ಟುವ ಲಾಳವೂ ಚಿಕ್ಕದೇ. "ಒಂದು ದೊಡ್ಡದು, ಒಂದು ಚಿಕ್ಕದು ಹಾಕಿದ್ದೀಯಲ್ಲ?" ಅಂತ ಕೇಳಿದರೆ, ಎರಡೂ ಗೊರಸಿನ ಅಡಿ ತೋರಿಸಿ ಸುಮ್ನೆ ನಿಲ್ಲುತ್ತೇನೆ. ಮೊಳೆ ಮಾತ್ರ ಎರಡರಲ್ಲೂ ಗೊರಸಿನ ಅತಿ ಅಗಲದ ಜಾಗ ದಾಟಿ ಹಿಂದಕ್ಕೆ ಹೋಗಬಾರದು. ಕಾಲೂರಿದಾಗ ಹಿಮ್ಮಡಿ ಹಿಗ್ಗಬೇಕು, ಅಲ್ವಾ?

ಗೊರಸಿನ ಈ ವ್ಯತ್ಯಾಸ ಎಷ್ಟೋ ಸಲ ಮರಿಯಾಗಿದ್ದಾಗಲೇ ಶುರುವಾಗುತ್ತದೆ. ಮರಿಗೆ ಕಾಲು ಉದ್ದ, ಕತ್ತು ಗಿಡ್ಡ. ನೆಲದ ಹುಲ್ಲು ಎಟುಕಲು ಒಂದು ಕಾಲು ಮುಂದಿಟ್ಟು ಇನ್ನೊಂದನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಯಾವಾಗಲೂ ಅದೇ ಕಾಲು ಮುಂದಿದ್ದರೆ ಆ ಗೊರಸು ಹರಡುತ್ತದೆ, ಹಿಂದಿನದು ನೆಟ್ಟಗಾಗುತ್ತದೆ. ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಮರಿಗಳನ್ನು ಗಮನಿಸಿ 2006ರಲ್ಲಿ ಇದನ್ನು ಬರೆದಿದ್ದಾರೆ. ಬೆಳೆದ ಕುದುರೆಯಲ್ಲಿ ಅದನ್ನು ಪೂರ್ತಿ ಸರಿಮಾಡುತ್ತೇನೆ ಅಂತ ಯಾರಾದರೂ ಹೇಳಿದರೆ ನಾನಂತೂ ನಂಬುವುದಿಲ್ಲ.

ನಮ್ಮ ಕೈಯಲ್ಲಿರುವುದು ಎಷ್ಟು ವಾರಕ್ಕೊಮ್ಮೆ ಲಾಳ ಬಿಚ್ಚಿ ಕಟ್ಟಬೇಕು ಅನ್ನುವ ಅವಧಿ. ಲಾಳ ಟಕಟಕ ಅಲ್ಲಾಡುವ ತನಕ ಕಾಯುವವರೇ ಜಾಸ್ತಿ. ಗೊರಸು ತಿಂಗಳಿಗೆ ಒಂದು ಸೆಂಟಿಮೀಟರ್‌ನ ಆಸುಪಾಸು ಬೆಳೆಯುತ್ತದೆ, ಚಪ್ಪಟೆಯದು ಬೆಳೆದಷ್ಟೂ ಮುಂದಕ್ಕೇ ಚಾಚುತ್ತದೆ. ಇಂಥ ಕುದುರೆಯನ್ನು 4-5 ವಾರಕ್ಕೆ ಕರೆತನ್ನಿ. ಲಾಳ ಸವೆದಿಲ್ಲದಿದ್ದರೆ ಗೊರಸು ಕೆತ್ತಿ ಅದನ್ನೇ ಮತ್ತೆ ಕಟ್ಟಿಕೊಡಬಹುದು.