ಡಬ್ಲಿನ್ ಬಂದರಿನ ಎರಡು ಬಾಗಿಲು: ಅಕ್ಕಿಗೆ ಒಂದು, ಅವಸರಕ್ಕೆ ಒಂದು

ಐರ್ಲೆಂಡಿನ ಡಬ್ಲಿನ್ ಬಂದರಿಗೆ ಸರಕು ಬರುವ ದಾರಿ ಮುಖ್ಯವಾಗಿ ಎರಡು. ಒಂದು ಫೆರಿ. ವೇಲ್ಸ್‌ನ ಹೋಲಿಹೆಡ್‌ನಲ್ಲಿ ಲಾರಿ ತನ್ನ ಚಕ್ರದ ಮೇಲೆಯೇ ಹಡಗಿನೊಳಗೆ ನುಗ್ಗುತ್ತದೆ, ಮೂರೂಕಾಲು ಗಂಟೆ ಐರಿಷ್ ಸಮುದ್ರ ದಾಟುತ್ತದೆ, ಇಲ್ಲಿ ಇಳಿದು ನೇರ ರಸ್ತೆಗೆ ಬೀಳುತ್ತದೆ. ಸಿಗಂದೂರಿಗೆ ಸೇತುವೆ ಆಗುವ ಮೊದಲು ಶರಾವತಿ ಹಿನ್ನೀರನ್ನು ಲಾಂಚ್‌ನಲ್ಲಿ ದಾಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಗಾತ್ರವನ್ನಷ್ಟೇ ಹಿಗ್ಗಿಸಿಕೊಂಡರೆ ಸಾಕು. ಇನ್ನೊಂದು ಕಂಟೇನರ್. ಅದಕ್ಕೆ ಚಕ್ರವಿಲ್ಲ, ಅವಸರವೂ ಇಲ್ಲ. ಕ್ರೇನ್ ಎತ್ತಿ ಅಂಗಳದಲ್ಲಿ ಪೇರಿಸುತ್ತದೆ. ಕಾಗದಪತ್ರ ಸರಿಹೋಗಿ, ಯಾರಾದರೂ ಲಾರಿ ತಂದು ಒಯ್ಯುವ ತನಕ ಅಲ್ಲೇ ಕುಳಿತಿರುತ್ತದೆ.

ನಾನು ಡಬ್ಲಿನ್‌ನ ಒಂದು ಭಾರತೀಯ ದಿನಸಿ ಸಗಟು ಗೋದಾಮಿನಲ್ಲಿ ಖರೀದಿ ನೋಡಿಕೊಳ್ಳುತ್ತೇನೆ. ಸೋನಾ ಮಸೂರಿ, ಬೇಳೆ, ಎಳ್ಳು, ಒಣಮೆಣಸಿನಕಾಯಿ, ಅವಲಕ್ಕಿ, ಉಪ್ಪಿನಕಾಯಿ, ಫ್ರೀಜರ್‌ನ ಪರೋಟ, ಇವೇ ನನ್ನ ದಿನಚರಿ. ನಮ್ಮ ಮನೆಯವರದು ಬ್ಯಾಡಗಿಯಲ್ಲಿ ದಲಾಲಿ ಅಂಗಡಿ. ಹಾಗಾಗಿ ಮಾಲು ಒಳ್ಳೆಯದಿದ್ದು ದಾರಿಯಲ್ಲಿ ದುಡ್ಡು ಸೋರಿಹೋಗುವ ಸಂಕಟ ಚಿಕ್ಕಂದಿನಿಂದ ಗೊತ್ತು. ಇಲ್ಲಿ ಹೊಸದಾಗಿ ಅಂಗಡಿ ತೆರೆಯುವ ಕನ್ನಡಿಗರು, ತೆಲುಗರು ಫೋನ್ ಮಾಡಿ ಕೇಳುವುದು ಒಂದೇ ಪ್ರಶ್ನೆ: ಇಂಗ್ಲೆಂಡಿನಿಂದ ಫೆರಿಯಲ್ಲಿ ತರಿಸಬೇಕೋ, ಊರಿನಿಂದ ಕಂಟೇನರ್‌ನಲ್ಲಿ ತರಿಸಬೇಕೋ? ನಕ್ಷೆ ನೋಡಿದವರೆಲ್ಲ ಫೆರಿಯ ಕಡೆಗೇ ವಾಲುತ್ತಾರೆ. ಹೋಲಿಹೆಡ್ ಅಲ್ಲೇ ಇದೆಯಲ್ಲ, ಚೆನ್ನೈ ಎಲ್ಲಿಯೋ ಇದೆಯಲ್ಲ! ನಕ್ಷೆಯಲ್ಲಿ ಸುಂಕದ ಗೆರೆ ಕಾಣುವುದಿಲ್ಲ, ತೊಂದರೆ ಇರುವುದೇ ಅಲ್ಲಿ.

2020ರ ಡಿಸೆಂಬರ್ 31ರವರೆಗೆ ಅವರ ಲೆಕ್ಕ ಸರಿಯಾಗಿಯೇ ಇತ್ತು. ಲಂಡನ್, ಲೆಸ್ಟರ್‌ಗಳ ದೊಡ್ಡ ಸಗಟು ವ್ಯಾಪಾರಿಗಳು ಕಂಟೇನರ್‌ಗಟ್ಟಲೆ ಸರಕು ಇಳಿಸಿಕೊಂಡು, ಅಲ್ಲಿಂದ ಪ್ಯಾಲೆಟ್ ಲೆಕ್ಕದಲ್ಲಿ, ಅಂದರೆ ಸರಕು ಪೇರಿಸುವ ಮರದ ಅಡಿಹಲಗೆಯ ಲೆಕ್ಕದಲ್ಲಿ, ಐರ್ಲೆಂಡಿಗೆ ಕಳಿಸುತ್ತಿದ್ದರು. ಸೋಮವಾರ ಹೇಳಿದರೆ ಬುಧವಾರ ಗುರುವಾರದ ಹೊತ್ತಿಗೆ ಅಂಗಡಿಯ ಮುಂದೆ. ಕಸ್ಟಮ್ಸ್ ಎಂಬುದೊಂದು ಇದೆ ಎಂದೇ ಚಿಕ್ಕ ಅಂಗಡಿಯವರಿಗೆ ಗೊತ್ತಿರಲಿಲ್ಲ. ಬ್ರಿಟನ್ ಯುರೋಪಿನ ಒಂದೇ ಮಾರುಕಟ್ಟೆಯಿಂದ ಹೊರಬಿತ್ತು, ಐರ್ಲೆಂಡ್ ಒಳಗೇ ಉಳಿಯಿತು. ಮರುದಿನ ಅದೇ ಮೂರೂಕಾಲು ಗಂಟೆಯ ದಾರಿ ವಿದೇಶದ ದಾರಿಯಾಯಿತು.

ಬ್ರಿಟನ್ ಮತ್ತು ಐರೋಪ್ಯ ಒಕ್ಕೂಟದ ನಡುವೆ ಸುಂಕರಹಿತ ಒಪ್ಪಂದ ಇದೆಯಲ್ಲ ಎಂದು ಹೇಳುವವರಿದ್ದಾರೆ. ಇದೆ. ಆದರೆ ಅದು ಬ್ರಿಟನ್‌ನಲ್ಲಿ ಅಥವಾ ಒಕ್ಕೂಟದಲ್ಲಿ ಹುಟ್ಟಿದ ಸರಕಿಗೆ ಮಾತ್ರ. ಗಂಗಾವತಿಯ ಅಕ್ಕಿ ಲೆಸ್ಟರ್‌ನ ಗೋದಾಮಿನಲ್ಲಿ ಆರು ತಿಂಗಳು ಮಲಗಿದರೂ, ಅಲ್ಲಿಯೇ ಹೊಸ ಚೀಲಕ್ಕೆ ತುಂಬಿದರೂ, ಅದು ಭಾರತದ ಅಕ್ಕಿಯೇ. ಬ್ರಿಟನ್ ಒಳಗೆ ಬರುವಾಗ ಒಮ್ಮೆ ಸುಂಕ ಕಟ್ಟಿದ ಅದೇ ಅಕ್ಕಿ ಡಬ್ಲಿನ್‌ಗೆ ಬಂದಾಗ ಇನ್ನೊಮ್ಮೆ ಕಟ್ಟಬೇಕು. ಪಾಲಿಶ್ ಮಾಡಿದ ಅಕ್ಕಿಗೆ ಒಕ್ಕೂಟದ ಸುಂಕ ಟನ್ನಿಗೆ ನೂರು ಯೂರೋ ಮೀರುತ್ತದೆ. ಬ್ರಿಟನ್‌ನ ವ್ಯಾಪಾರಿ ಸರಕನ್ನು ಸುಂಕ ಕಟ್ಟದ ಬಾಂಡೆಡ್ ಗೋದಾಮಿನಲ್ಲಿಟ್ಟು, ಟಿ1 ಎಂಬ ಟ್ರಾನ್ಸಿಟ್ ಪತ್ರದ ಮೇಲೆ ಕಳಿಸಿದರೆ ಎರಡು ಸಲದ ಹೊಡೆತ ತಪ್ಪುತ್ತದೆ. ಆದರೆ ನಾಲ್ಕು ಪ್ಯಾಲೆಟ್ ಕೊಳ್ಳುವವನಿಗಾಗಿ ಅಷ್ಟು ತಲೆಕೆಡಿಸಿಕೊಳ್ಳುವ ವ್ಯಾಪಾರಿ ವಿರಳ.

ಗೋಧಿ ಹಿಟ್ಟಿನ ಕಥೆ ಇನ್ನೂ ಸೊಗಸಾಗಿದೆ. ಬ್ರಿಟನ್‌ನಲ್ಲೇ ಬೀಸಿದ ಹಿಟ್ಟಾದರೂ ಅದರಲ್ಲಿ ಕೆನಡಾದಂಥ ಹೊರದೇಶದ ಗೋಧಿ ಶೇಕಡ 15ಕ್ಕಿಂತ ಹೆಚ್ಚಿದ್ದರೆ ಅದು ಬ್ರಿಟನ್ನಿನದಲ್ಲ ಎಂದು ಲೆಕ್ಕ. ಬ್ರೆಕ್ಸಿಟ್ ಹೊತ್ತಿನಲ್ಲಿ ಟನ್ನಿಗೆ 172 ಯೂರೋ ಸುಂಕ ಎಂದು ಐರ್ಲೆಂಡಿನ ಬೇಕರಿಗಳೆಲ್ಲ ಕೂಗಾಡಿದ್ದು ಇದಕ್ಕೇ. ಚಪಾತಿ ಹಿಟ್ಟು ಮಾರುವ ನಾವು ಅವರ ಜೊತೆ ದನಿಗೂಡಿಸಿದೆವು. ಯಾರಿಗೂ ಕೇಳಿಸಲಿಲ್ಲ.

ಇನ್ನು ಫೆರಿಯ ದರ ಏಕೆ ಹೆಚ್ಚು ಎಂಬ ಮಾತು. ಹಡಗಿನವರು ಟ್ರೇಲರ್‌ಗೆ ಜಾಗವನ್ನು ಉದ್ದದ ಲೆಕ್ಕದಲ್ಲಿ ಮಾರುತ್ತಾರೆ. ನೀವು ಅಕ್ಕಿಗೆ ಮಾತ್ರವಲ್ಲ, ಚಕ್ರಕ್ಕೆ, ಚಾಸಿಗೆ, ಟ್ರೇಲರ್‌ನ ಅಡಿಯಲ್ಲಿರುವ ಗಾಳಿಗೂ ಬಾಡಿಗೆ ಕೊಡುತ್ತೀರಿ. ಕಂಟೇನರ್‌ಗಳನ್ನು ಒಂದರ ಮೇಲೊಂದು ಪೇರಿಸಬಹುದು, ಟ್ರೇಲರ್‌ಗಳನ್ನು ಪೇರಿಸಲಾಗದು. ಚಾಲಕ ಲಾರಿಯ ಜೊತೆಗೇ ಹಡಗು ಹತ್ತಿದರೆ ಅವನ ಸಂಬಳ, ಊಟ, ವಿಶ್ರಾಂತಿಯ ಗಂಟೆಗಳೂ ಬಿಲ್ಲಿಗೆ ಸೇರುತ್ತವೆ. ಚಾಲಕನಿಲ್ಲದೆ ಟ್ರೇಲರ್ ಒಂದನ್ನೇ ಕಳಿಸುವ ಪದ್ಧತಿಯೂ ಇದೆ. ಬಂದರಿನ ಚಿಕ್ಕ ಟ್ರ್ಯಾಕ್ಟರ್ ಅದನ್ನು ಹಡಗಿಗೆ ಎಳೆದು ಬಿಡುತ್ತದೆ, ಆಚೆ ದಡದಲ್ಲಿ ಇನ್ನೊಬ್ಬ ಚಾಲಕ ಕೊಂಡಿ ಹಾಕಿಕೊಳ್ಳುತ್ತಾನೆ. ಅಗ್ಗ, ಆದರೆ ಅರ್ಧ ದಿನ ನಿಧಾನ. ನನಗೆ ಇದೇ ಮೆಚ್ಚು.

ಫೆರಿಯಲ್ಲಿ ನಿಜವಾದ ಅಪಾಯ ಇರುವುದು ಗ್ರೂಪೇಜ್‌ನಲ್ಲಿ, ಅಂದರೆ ಹತ್ತು ಜನರ ಸರಕು ಒಂದೇ ಟ್ರೇಲರ್‌ನಲ್ಲಿ ಬರುವಾಗ. ಇಲ್ಲಿನ ಕಂದಾಯ ಇಲಾಖೆಯ ನಿಯಮದಂತೆ ಹಡಗು ಹತ್ತುವ ಮೊದಲೇ ಎಲ್ಲ ಸರಕಿನ ಆಮದು ಘೋಷಣೆ ಸಲ್ಲಿಸಿ, ಅವನ್ನೆಲ್ಲ ಸೇರಿಸಿ ಇಡೀ ಲಾರಿಗೆ ಒಂದು ಪ್ರೀ ಬೋರ್ಡಿಂಗ್ ನೋಟಿಫಿಕೇಶನ್ ಮಾಡಬೇಕು. ಹಡಗು ದಡ ಮುಟ್ಟುವ ಅರ್ಧ ಗಂಟೆ ಮೊದಲು ಚಾಲಕ ಮೊಬೈಲ್‌ನಲ್ಲಿ ನೋಡಿಕೊಳ್ಳುತ್ತಾನೆ: ನೇರ ಹೋಗಬಹುದೋ, ಕಸ್ಟಮ್ಸ್‌ಗೆ ಹಾಜರಾಗಬೇಕೋ ಎಂದು. ಹತ್ತು ಜನರಲ್ಲಿ ಒಬ್ಬನ ಕಾಗದ ತಪ್ಪಿದ್ದರೂ ಲಾರಿ ನಿಂತಿತು, ಉಳಿದ ಒಂಬತ್ತು ಜನರ ಸರಕೂ ನಿಂತಿತು. ಒಮ್ಮೆ ನಮ್ಮ ಹೆಪ್ಪುಗಟ್ಟಿಸಿದ ಪರೋಟ ಹೀಗೇ ಎರಡು ದಿನ ಬಂದರಿನಲ್ಲಿ ಉಳಿಯಿತು, ಕಾರಣ ಅದೇ ಟ್ರೇಲರ್‌ನಲ್ಲಿದ್ದ ಯಾರದೋ ಮರದ ಪ್ಯಾಲೆಟ್‌ಗೆ ಶಾಖ ಸಂಸ್ಕರಣೆಯ ಮುದ್ರೆ ಇರಲಿಲ್ಲ. ಬ್ರೆಕ್ಸಿಟ್ ನಂತರ ಬ್ರಿಟನ್‌ನಿಂದ ಬರುವ ಪ್ಯಾಲೆಟ್‌ಗೂ ಆ ಮುದ್ರೆ ಬೇಕು. ಆ ಯಾರೋ ಯಾರೆಂದು ಇಂದಿಗೂ ತಿಳಿಯದಿರುವುದು ಅವರ ಪುಣ್ಯ.

ಕಂಟೇನರ್‌ನಲ್ಲಿ ಈ ನೆರೆಹೊರೆಯವರ ಕಾಟವಿಲ್ಲ, ಪೆಟ್ಟಿಗೆ ಪೂರ್ತಿ ನಿಮ್ಮದಾಗಿದ್ದರೆ. ಅಕ್ಕಿಗೆ ಇಪ್ಪತ್ತು ಅಡಿಯದೇ ಸರಿ. ಅಕ್ಕಿ ಭಾರದ ಸರಕು, ಇಪ್ಪತ್ತು ಅಡಿಯಲ್ಲಿ ಸುಮಾರು 24 ಟನ್ ತುಂಬುವಷ್ಟರಲ್ಲಿ ರಸ್ತೆಯ ತೂಕದ ಮಿತಿ ಹತ್ತಿರ ಬಂದಿರುತ್ತದೆ. ನಲವತ್ತು ಅಡಿಯದನ್ನು ತೆಗೆದುಕೊಂಡರೆ ಅರ್ಧ ಖಾಲಿ ಜಾಗಕ್ಕೆ ದುಡ್ಡು. ಅವಲಕ್ಕಿ, ಮಂಡಕ್ಕಿ, ಹಪ್ಪಳ, ಮೆಣಸಿನಕಾಯಿಗೆ ತೂಕಕ್ಕಿಂತ ಗಾತ್ರ ಹೆಚ್ಚು, ಅವಕ್ಕೆ ನಲವತ್ತು ಅಡಿಯ ಹೈ ಕ್ಯೂಬ್, ಅಂದರೆ ತುಸು ಎತ್ತರದ ಕಂಟೇನರ್. ಚೀಲಗಳನ್ನು ಪ್ಯಾಲೆಟ್ ಇಲ್ಲದೆ ನೆಲದಿಂದ ಸೂರಿನವರೆಗೆ ಪೇರಿಸಿದರೆ ಹೆಚ್ಚು ಹಿಡಿಯುತ್ತದೆ. ಆದರೆ ಇಲ್ಲಿ ಹತ್ತು ಕಿಲೋದ 2,400 ಚೀಲಗಳನ್ನು ಕೈಯಿಂದ ಇಳಿಸಬೇಕು. ಬ್ಯಾಡಗಿಯ ಹಮಾಲರು ಇದನ್ನು ನೋಡಿದರೆ ನಕ್ಕಾರು. ಇಲ್ಲಿ ನಾಲ್ಕು ಜನ ಅರ್ಧ ದಿನ ಬೆವರು ಸುರಿಸುತ್ತಾರೆ, ಲಾರಿ ಚಾಲಕ ಗಡಿಯಾರ ನೋಡುತ್ತ ಕೂರುತ್ತಾನೆ, ಮೊದಲ ಒಂದೆರಡು ಗಂಟೆಯ ನಂತರ ಅವನು ಕಾಯುವುದಕ್ಕೂ ಬಾಡಿಗೆ.

ಪ್ಯಾಲೆಟ್ ಮೇಲೆ ತರಿಸುವವರು ಒಂದು ಅಳತೆ ನೆನಪಿಡಬೇಕು. ಫೆರಿಯಲ್ಲಿ ಬರುವ 13.6 ಮೀಟರ್ ಟ್ರೇಲರ್‌ನಲ್ಲಿ 'ಯೂರೋ ಪ್ಯಾಲೆಟ್' ಎಂಬ ಯುರೋಪಿನ ಮಾನಕ ಅಳತೆಯ ಪ್ಯಾಲೆಟ್ 33 ಹಿಡಿಯುತ್ತದೆ. ನಲವತ್ತು ಅಡಿಯ ಸಾಧಾರಣ ಕಂಟೇನರ್‌ನಲ್ಲಿ 24 ಅಥವಾ 25. ಉದ್ದದ ವ್ಯತ್ಯಾಸ ಒಂದು ಕಾರಣ, ಇನ್ನೊಂದು ಅಗಲ: ಕಂಟೇನರ್ ಒಳಗಿನ ಅಗಲ ಸುಮಾರು 2.35 ಮೀಟರ್, 1.2 ಮೀಟರ್‌ನ ಎರಡು ಪ್ಯಾಲೆಟ್ ಪಕ್ಕಪಕ್ಕ ಇಡಲು ಒಂದು ಹಿಡಿ ಕಡಿಮೆ. ಯುರೋಪಿನೊಳಗೆ ಓಡಾಡಲೆಂದೇ 45 ಅಡಿಯ, ತುಸು ಅಗಲದ ಕಂಟೇನರ್‌ಗಳಿವೆ. ಅವುಗಳಲ್ಲಿ ಟ್ರೇಲರ್‌ನಷ್ಟೇ 33 ಹಿಡಿಯುತ್ತದೆ. ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಿಂದ ಡಬ್ಲಿನ್‌ಗೆ ತರಿಸುವಾಗ ಫಾರ್ವರ್ಡರ್‌ಗೆ, ಅಂದರೆ ಸಾಗಣೆಯ ಏಜೆಂಟನಿಗೆ, ಅದನ್ನೇ ಕೇಳಿ.

ರಾಟರ್‌ಡ್ಯಾಮ್‌ನ ಮಾತು ಬಂದಿತಲ್ಲ, ಮೂರನೆಯ ದಾರಿಯೊಂದು ಅಲ್ಲಿದೆ, ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ಭಾರತದಿಂದ ಬರುವ ದೊಡ್ಡ ಹಡಗು ಡಬ್ಲಿನ್‌ವರೆಗೆ ಬರುವುದಿಲ್ಲ. ರಾಟರ್‌ಡ್ಯಾಮ್‌ನಲ್ಲೋ ಬೆಲ್ಜಿಯಂನ ಆಂಟ್ವರ್ಪ್‌ನಲ್ಲೋ ಕಂಟೇನರ್ ಇಳಿದು, ಚಿಕ್ಕ ಫೀಡರ್ ಹಡಗಿನಲ್ಲಿ ಇಲ್ಲಿಗೆ ಬರುತ್ತದೆ. ಅದರ ಬದಲು ಅಲ್ಲಿಯೇ ಕಸ್ಟಮ್ಸ್ ಮುಗಿಸಿ, ಅಲ್ಲಿನ ಗೋದಾಮಿನಲ್ಲಿಟ್ಟು, ಬೇಕಾದಷ್ಟನ್ನೇ ಬೇಕಾದಾಗ ನೇರ ಫೆರಿಯಲ್ಲಿ ತರಿಸಬಹುದು. ಒಕ್ಕೂಟದೊಳಗಿನ ಸರಕು ಒಕ್ಕೂಟದೊಳಗೇ ಓಡಾಡುವುದರಿಂದ ಇಲ್ಲಿ ಮತ್ತೆ ಸುಂಕವಿಲ್ಲ. ಹಿಂದೆ ವರ್ಷಕ್ಕೆ ಸುಮಾರು 1,50,000 ಲಾರಿಗಳು ಐರ್ಲೆಂಡಿನಿಂದ ಬ್ರಿಟನ್ ಹಾದು ಯುರೋಪಿಗೆ ಹೋಗಿ ಬರುತ್ತಿದ್ದವು. 2021ರ ಜನವರಿಯ ಮೊದಲ ವಾರದಲ್ಲೇ ಐರ್ಲೆಂಡಿನ ರಾಸ್ಲೇರ್ ಬಂದರಿನಿಂದ ಫ್ರಾನ್ಸಿನ ಡನ್‌ಕರ್ಕ್‌ಗೆ ನೇರ ಫೆರಿ ಶುರುವಾಯಿತು. ಸುಮಾರು ಒಂದು ಹಗಲು ಒಂದು ರಾತ್ರಿಯ ಪಯಣ. ಡಬ್ಲಿನ್‌ನಿಂದ ಬೆಲ್ಜಿಯಂನ ಜೀಬ್ರುಗೆ, ರಾಟರ್‌ಡ್ಯಾಮ್‌ಗಳ ದಾರಿಗೆ ಬಂದ ಸೆಲೀನ್ ಎಂಬ ಹಡಗಿನಲ್ಲಿ ಹಿಡಿಯುವ ಟ್ರೇಲರ್‌ಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಸಾಲು ಸುಮಾರು ಎಂಟು ಕಿಲೋಮೀಟರ್ ಆಗುತ್ತದೆ!

ಈ ನೇರ ದಾರಿಯ ಬೆಲೆ ಎಲ್ಲರಿಗೂ ತಿಳಿದದ್ದು 2024ರ ಡಿಸೆಂಬರ್‌ನಲ್ಲಿ. ಡಾರಾ ಚಂಡಮಾರುತದ ದಿನಗಳಲ್ಲಿ ಹೋಲಿಹೆಡ್‌ನ ಫೆರಿ ಕಟ್ಟೆಗೆ ಪೆಟ್ಟಾಗಿ ಬಂದರು ಮುಚ್ಚಿತು. ಕ್ರಿಸ್‌ಮಸ್ ಪೂರ್ತಿ ಮುಚ್ಚಿಯೇ ಇತ್ತು. ಜನವರಿ 16ಕ್ಕೆ ಒಂದು ಕಟ್ಟೆ ಮಾತ್ರ ತೆರೆಯಿತು. ಲಾರಿಗಳೆಲ್ಲ ಲಿವರ್‌ಪೂಲ್, ಫಿಶ್‌ಗಾರ್ಡ್ ಎಂದು ಸುತ್ತಾಡಿದವು. ಫೆರಿ ಬಂದರಿನ ಶಕ್ತಿ ಇರುವುದು ದಿನಕ್ಕೆ ಹಲವು ಹಡಗು ಎಂಬುದರಲ್ಲಿ. ಲಾರಿ ಹಡಗಿಗೆ ಏರುವ ಇಳಿಜಾರು ಸೇತುವೆಯೊಂದು ಕೆಟ್ಟರೆ ಅದೇ ಶಕ್ತಿ ಕುತ್ತಿಗೆಗೆ ಬರುತ್ತದೆ. ಫೆರಿಯನ್ನೇ ನಂಬಿದ ಅಂಗಡಿಗಳಲ್ಲಿ ಹೆಚ್ಚಿನ ದಾಸ್ತಾನು ಇರುವುದಿಲ್ಲ.

ಹಾಗೆಂದು ಕಂಟೇನರ್ ದಾರಿ ಸುಖದ ದಾರಿಯೇನಲ್ಲ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ದಾಳಿ ಶುರುವಾದ ಮೇಲೆ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಬರತೊಡಗಿದವು. ಹತ್ತು ದಿನದಿಂದ ಎರಡು ವಾರ ಹೆಚ್ಚು ತಡ, ಅದಕ್ಕೆ ತಕ್ಕ ದರ. ಬಂದ ಮೇಲೂ ಗಡಿಯಾರ ಓಡುತ್ತಲೇ ಇರುತ್ತದೆ: ಪುಕ್ಕಟೆ ದಿನಗಳು ಮುಗಿದ ಬಳಿಕ ಬಂದರಿನ ಅಂಗಳದಲ್ಲಿ ಕುಳಿತ ಪೆಟ್ಟಿಗೆಗೆ ಡೆಮರೇಜ್, ಹೊರಗೆ ತಂದು ಖಾಲಿ ಮಾಡಿ ಹಿಂದಿರುಗಿಸಲು ತಡವಾದರೆ ಡಿಟೆನ್ಷನ್. ಎರಡೂ ಬೇರೆ ಬೇರೆ ಬಿಲ್. ಇವುಗಳ ಮಿತಿಯನ್ನು ಬುಕಿಂಗ್ ಮಾಡುವ ಮೊದಲೇ ಬರಹದಲ್ಲಿ ಕೇಳಿಸಿಕೊಳ್ಳಬೇಕು. ಆಮೇಲೆ ಕೇಳಿದರೆ ಯಾರೂ ಬಿಲ್ ಕಡಿಮೆ ಮಾಡುವುದಿಲ್ಲ.

ಎಳ್ಳಿನಂಥ ಸರಕಿಗೆ ಇದು ಇನ್ನೂ ಮುಖ್ಯ. 2020ರಲ್ಲಿ ಭಾರತದ ಎಳ್ಳಿನಲ್ಲಿ ಎಥಿಲಿನ್ ಆಕ್ಸೈಡ್ ಎಂಬ ಕ್ರಿಮಿನಾಶಕ ಸಿಕ್ಕಿತು ಎಂದು ಯುರೋಪಿನಾದ್ಯಂತ ಗದ್ದಲವೆದ್ದು, ಅಕ್ಟೋಬರ್‌ನಿಂದ ಅರ್ಧದಷ್ಟು ಸರಕನ್ನು ಗಡಿಯಲ್ಲೇ ಪರೀಕ್ಷಿಸುವ ನಿಯಮ ಬಂದಿತು. ಭಾರತದಿಂದ ಹೊರಡುವಾಗ ಲ್ಯಾಬ್ ವರದಿ, ಅಧಿಕೃತ ಪ್ರಮಾಣಪತ್ರ. ಇಲ್ಲಿ ಮತ್ತೆ ಮಾದರಿ ತೆಗೆದರೆ ಫಲಿತಾಂಶ ಬರುವ ತನಕ ಸರಕು ಕದಲುವಂತಿಲ್ಲ. ಎಳ್ಳು ಅಕ್ಕಿಯ ಕಂಟೇನರ್‌ನಲ್ಲಿದ್ದರೆ ಅಕ್ಕಿಯೂ ಕದಲುವುದಿಲ್ಲ. ಆದ್ದರಿಂದ ಪರೀಕ್ಷೆಗೆ ಸಿಕ್ಕುವ ಸರಕನ್ನೂ ಸಿಕ್ಕದ ಸರಕನ್ನೂ ನಾನು ಒಂದೇ ಪೆಟ್ಟಿಗೆಗೆ ಹಾಕಿಸುವುದಿಲ್ಲ. ಊರಿನಲ್ಲಿ ತುಂಬಿಸುವವರಿಗೆ ಇದು ಚಾಳಿಯಂತೆ ಕಾಣುತ್ತದೆ. "ಮೂಲೆಯಲ್ಲಿ ಇಷ್ಟು ಜಾಗ ಖಾಲಿ ಇದೆಯಲ್ಲ ಅಕ್ಕಾ, ಹತ್ತು ಚೀಲ ಎಳ್ಳು ಹಾಕಿಬಿಡಲೇ?" ಎಂದು ಪ್ರತಿ ಸಲ ಕೇಳುತ್ತಾರೆ. ಖಾಲಿಯೇ ಬರಲಿ, ಪರವಾಗಿಲ್ಲ.

ಗಾಲ್ವೇಯಲ್ಲಿ ಮಂಡ್ಯದವರೊಬ್ಬರ ಅಂಗಡಿ ಇದೆ. ಅವರಿಗೆ ಇದೆಲ್ಲವನ್ನೂ ವಿವರಿಸಿ, ಕಂಟೇನರ್‌ನಲ್ಲೇ ಅಕ್ಕಿ ಕಿಲೋಗೆ ಅಗ್ಗ ಬೀಳುತ್ತದೆ ಎಂದು ಲೆಕ್ಕ ತೋರಿಸಿದೆ. ಅವರು ಸಾವಧಾನವಾಗಿ ಕೇಳಿದರು.

"ಮೇಡಂ, ಲೆಕ್ಕ ಸರಿ. ಇಪ್ಪತ್ತನಾಲ್ಕು ಟನ್ ಅಕ್ಕಿಯನ್ನು ಎಲ್ಲಿ ಇಡಲಿ? ಎರಡು ತಿಂಗಳು ಮೊದಲೇ ದುಡ್ಡು ಕಟ್ಟಿ, ಹಡಗು ಆಫ್ರಿಕಾ ಸುತ್ತಿ ಬರುವ ತನಕ ಬಾಡಿಗೆ ಯಾರು ಕೊಡುತ್ತಾರೆ? ಫೆರಿಯವನು ದುಬಾರಿ, ಒಪ್ಪಿದೆ. ಆದರೆ ಅವನು ಎರಡು ಪ್ಯಾಲೆಟ್ ತಂದು ಲಾರಿಯ ಹಿಂದಿನ ಟೇಲ್ ಲಿಫ್ಟ್‌ನಲ್ಲಿ ಇಳಿಸಿ ಹೋಗುತ್ತಾನೆ."

ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಬಂದರಿನ ಆಯ್ಕೆಯ ಬಗ್ಗೆ ಮಾತಾಡುವಾಗ ನಮ್ಮಂಥ ಗೋದಾಮಿನವರು ಮರೆಯುವ ವಿಷಯ ಅದು: ಕಂಟೇನರ್ ಅಗ್ಗವಾಗುವುದು ಜಾಗವೂ ಎರಡು ತಿಂಗಳ ಬಂಡವಾಳವೂ ಇದ್ದವರಿಗೆ. 2023ರ ಜುಲೈ 20ರಂದು ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದಾಗ, ದಾಸ್ತಾನು ಇದ್ದ ಸಗಟು ವ್ಯಾಪಾರಿಗಳು ಉಸಿರಾಡಿದರು, ವಾರದ ಪ್ಯಾಲೆಟ್ ನಂಬಿದ್ದ ಅಂಗಡಿಗಳ ಕಪಾಟು ಖಾಲಿಯಾಯಿತು. ನಿಷೇಧ ತೆರವಾದದ್ದು 2024ರ ಸೆಪ್ಟೆಂಬರ್ ಕೊನೆಗೆ.

ಕೊನೆಗೆ ಆದ ಒಪ್ಪಂದ ಹೀಗಿದೆ. ಅಕ್ಕಿಯ ಕಂಟೇನರ್ ನಮ್ಮ ಹೆಸರಿನಲ್ಲಿ ಬರುತ್ತದೆ, ಗಾಲ್ವೇಯವರೂ ಲಿಮರಿಕ್‌ನ ಇನ್ನೊಂದು ಅಂಗಡಿಯವರೂ ತಮ್ಮ ಪಾಲಿಗೆ ಮುಂಗಡ ಕೊಡುತ್ತಾರೆ, ಸರಕು ನಮ್ಮಲ್ಲೇ ಇರುತ್ತದೆ, ವಾರಕ್ಕೆ ಬೇಕಾದಷ್ಟನ್ನು ಒಯ್ಯುತ್ತಾರೆ. ಬ್ರಿಟನ್‌ನಲ್ಲೇ ತಯಾರಾದ ಸಾಸ್, ಬಿಸ್ಕತ್ತುಗಳಿಗೆ ಮೂಲದ ಘೋಷಣೆ ಸಲೀಸಾಗಿ ಸಿಗುವುದರಿಂದ ಅವು ಹೋಲಿಹೆಡ್ ಫೆರಿಯಲ್ಲೇ ಬರಲಿ ಎಂದು ಬಿಟ್ಟಿದ್ದೇವೆ. ಸಂಕ್ರಾಂತಿಯ ಎಳ್ಳನ್ನು ಮಾತ್ರ ರಾಟರ್‌ಡ್ಯಾಮ್‌ನಲ್ಲಿ ಪರೀಕ್ಷೆ ಮುಗಿಸಿಕೊಂಡ ಸರಕಿನಿಂದಲೇ ಕೊಳ್ಳುತ್ತೇನೆ, ಕಿಲೋಗೆ ತುಸು ಹೆಚ್ಚಾದರೂ. ಆರ್ಡರ್ ಕೊಡುವವರು ನವೆಂಬರ್ ಮೊದಲ ವಾರದೊಳಗೆ ಹೇಳಿಬಿಡಿ.