ಕಿತ್ತಳೆ ಅಂಗಿಯ ಮರುದಿನ

ನಿನ್ನೆ ಸೆಪ್ಟೆಂಬರ್ 30, ಕೆನಡಾದ ವಸತಿ ಶಾಲೆಗಳಲ್ಲಿ ನೊಂದ ಮೂಲನಿವಾಸಿ ಮಕ್ಕಳನ್ನು ಕಿತ್ತಳೆ ಅಂಗಿ ತೊಟ್ಟು ನೆನೆಯುವ ದಿನ. ಇಲ್ಲಿ ಟೊರಾಂಟೊದ ನಮ್ಮ ಆಫೀಸಿನಲ್ಲಿ ಎಲ್ಲರೂ ಕಿತ್ತಳೆ ಬಣ್ಣದ ಟೀ ಶರ್ಟ್ ಹಾಕಿದ್ದೆವು.

ಆ ಶಾಲೆಗಳಿಗೆ 1,50,000ಕ್ಕೂ ಹೆಚ್ಚು ಮೂಲನಿವಾಸಿ ಮಕ್ಕಳನ್ನು ಅಪ್ಪ ಅಮ್ಮನಿಂದ ಬೇರ್ಪಡಿಸಿ ಒಯ್ದಿದ್ದರು. ಅಲ್ಲಿ ತಾಯಿನುಡಿ ಆಡಿದರೆ ಶಿಕ್ಷೆ. ಮಗಳ ಜತೆ ಕನ್ನಡ ಮಾತಾಡುವಾಗಲೆಲ್ಲ ಇದು ನನ್ನನ್ನು ಕಾಡುತ್ತದೆ.

ಈ ಶಾಲೆಗಳ ಚರಿತ್ರೆಯನ್ನು ಪರಿಶೀಲಿಸಿದ ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ ಏನೇನು ಮಾಡಬೇಕೆಂದು 94 ಕರೆಗಳನ್ನು ಕೊಟ್ಟಿತು. 92ನೆಯದು ಕಂಪನಿಗಳಿಗೇ ಹೇಳಿದ್ದು: ಯೋಜನೆ ಶುರುವಾಗುವ ಮೊದಲೇ ಎಲ್ಲ ತಿಳಿಸಿ, ಒತ್ತಡ ಹಾಕದೆ ಮೂಲನಿವಾಸಿಗಳ ಒಪ್ಪಿಗೆ ಪಡೆಯಿರಿ, ಕೆಲಸ, ತರಬೇತಿಯಲ್ಲಿ ಸಮಾನ ಅವಕಾಶ ಕೊಡಿ, ಮ್ಯಾನೇಜರುಗಳಿಗೆ ಈ ಚರಿತ್ರೆ ಕಲಿಸಿ. ನಾವು ದೊಡ್ಡ ಮೀಟಿಂಗ್‌ಗಳಿಗೆ ಮೊದಲು ‘ಇದು ಅವರ ನೆಲ’ ಎಂದು ಓದುತ್ತೇವೆ. ಓದಬೇಕು, ಸರಿ. ಆದರೆ ನಾವು ಯಾರಿಂದ ಸಾಮಾನು ಕೊಳ್ಳುತ್ತೇವೋ ಆ ಪಟ್ಟಿಯಲ್ಲಿ ಅವರ ಒಂದು ಉದ್ದಿಮೆಯೂ ಇಲ್ಲ. ಅದು ನನಗೆ ನೋವು.

2021ರಿಂದ ಪೌರತ್ವದ ಪ್ರಮಾಣವಚನದಲ್ಲಿ ಮೂಲನಿವಾಸಿಗಳ ಹಕ್ಕು, ಒಪ್ಪಂದಗಳ ಮಾತು ಸೇರಿದೆ. ಆ ಮಾತನ್ನು ನಾನೂ ಬಾಯಿಬಿಟ್ಟು ಹೇಳಿದವಳು. ಅದಕ್ಕೇ ಇವತ್ತು ಬೆಳಿಗ್ಗೆ ಮ್ಯಾನೇಜರ್ ಹತ್ತಿರ ಹೋಗಿ ಆ ಪಟ್ಟಿಯ ವಿಷಯ ಎತ್ತಿದೆ. ಮುಂದಿನ ಮಂಗಳವಾರ ಕೂತು ಮಾತಾಡೋಣ ಅಂದಿದ್ದಾರೆ. ಇವತ್ತು ರಾತ್ರಿಯಿಂದಲೇ ಹತ್ತಿರದಲ್ಲಿರುವ ಅವರ ಉದ್ದಿಮೆಗಳನ್ನು ಹುಡುಕಿ ಬರೆದಿಡುತ್ತಿದ್ದೇನೆ.